ಸೆರೆಯಾಳಿನ ಮೊದಲ ಇಪ್ಪತ್ತನಾಲ್ಕು ಗಂಟೆ

ಕಿಯೋನಿಕ್ಸ್ ಸಂಸ್ಥೆಯು 1978ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ 332 ಎಕರೆ ನೆಲದ ಮೇಲೆ ಎಲೆಕ್ಟ್ರಾನಿಕ್ ಸಿಟಿಗೆ ತಳಹದಿ ಹಾಕಿದ ಕಾಲದಲ್ಲಿ, ಅಲ್ಲಿಂದ ಹರದಾರಿಯಷ್ಟು ದೂರದಲ್ಲಿದ್ದ ಪರಪ್ಪನ ಅಗ್ರಹಾರವು ಹೊಲತೋಟಗಳ ನಡುವಣ ಒಂದು ಸಾಧಾರಣ ಹಳ್ಳಿಯಾಗಿದ್ದಿತು. ಎರಡು ದಶಕಗಳ ತರುವಾಯ, ನಗರಮಧ್ಯದ ಶೇಷಾದ್ರಿ ರಸ್ತೆಯಲ್ಲಿದ್ದ ಹಳೆಯ ಸೆಂಟ್ರಲ್ ಜೈಲು ಸಾಲದಾಗಿ, ಕೇಂದ್ರ ಕಾರಾಗೃಹವು ಆ ಹಳ್ಳಿಗೆ ಬಂದು ನೆಲೆಸಿತು. ಇಂದು ರಾಜ್ಯದ ಅತ್ಯಂತ ದೊಡ್ಡ ಸೆರೆಮನೆ ಅದೇ. 2025ರ ಆಗಸ್ಟ್ ತಿಂಗಳಿನಿಂದ ಈ ದಾರಿಯಲ್ಲಿ ಓಡುತ್ತಿರುವ ಮೆಟ್ರೋದ ಹಳದಿ ಮಾರ್ಗದಲ್ಲಿ ಬೆಳಗಿನ ಹೊತ್ತು ಪ್ರಯಾಣ ಮಾಡುವವರಲ್ಲಿ ಬಹುಮಂದಿ ಕೊರಳಿಗೆ ಗುರುತಿನ ಚೀಟಿ ತೂಗಿಸಿಕೊಂಡು ಮುಂದಿನ ಕಂಪನಿಗಳ ನಿಲ್ದಾಣಗಳಿಗೆ ಸಾಗುತ್ತಾರೆ. ಹೊಸ ರೋಡ್ ನಿಲ್ದಾಣದಲ್ಲಿ ಇಳಿಯುವವರ ಪೈಕಿ ಕೆಲವರ ಕೈಯಲ್ಲಿ ಮಾತ್ರ ಒಗೆದು ಮಡಿಸಿದ ಬಟ್ಟೆಯ ಚೀಲವೂ ಆಧಾರ್ ಕಾರ್ಡಿನ ಜೆರಾಕ್ಸ್ ಪ್ರತಿಯೂ ಇರುತ್ತವೆ.

ಅವರು ಮುಲಾಖಾತಿಗೆ ಬಂದವರು. ಆ ಸಾಲಿನ ಬಳಿ ಸ್ವಲ್ಪ ಹೊತ್ತು ನಿಂತವರಿಗೆ, ಮಗನನ್ನು ಮೊದಲ ಬಾರಿ ನೋಡಲು ಬಂದ ತಾಯಿಯೊಬ್ಬಳು ಪಕ್ಕದವಳನ್ನು ತಗ್ಗಿದ ದನಿಯಲ್ಲಿ ಕೇಳುವ ಪ್ರಶ್ನೆಯು ಅಪರಿಚಿತವಾಗಿ ಉಳಿಯುವುದಿಲ್ಲ: ‘ಒಳಗೆ ಹೊಡೀತಾರೇನಮ್ಮ?’ ಬಂದು ಹೋಗಿ ಅಭ್ಯಾಸವಾದ ಹೆಂಗಸು ಕೊಡುವ ಉತ್ತರವೂ ಹೆಚ್ಚು ಕಡಿಮೆ ಒಂದೇ: ‘ಇಲ್ಲಿ ಅಷ್ಟಿಲ್ಲ ಕಣಮ್ಮ, ಹೊಡೆಯೋದೆಲ್ಲ ಸ್ಟೇಷನ್ನಲ್ಲೇ ಆಗಿಹೋಗಿರುತ್ತೆ.’ ದಂಡನೀತಿಯನ್ನು ಕುರಿತು ಪಂಡಿತರು ಬರೆದ ಅನೇಕ ಗ್ರಂಥಗಳು ಸುತ್ತಿ ಬಳಸಿ ಸೇರುವ ನಿರ್ಣಯವನ್ನು ಆ ಹೆಂಗಸು ಒಂದು ವಾಕ್ಯದಲ್ಲಿ ಮುಟ್ಟಿರುವಳೆಂದು ನನ್ನ ಭಾವನೆ.

ಏಕೆಂದರೆ ಸೆರೆಯಾಳುಗಳ ಮೇಲಣ ಚಿತ್ರಹಿಂಸೆಯ ವಿಷಯವು ಬಂದೊಡನೆ ನಮ್ಮ ಕಲ್ಪನೆಯು ಎತ್ತರದ ಗೋಡೆಯ ಜೈಲಿನ ಕಡೆಗೆ ಓಡುತ್ತದೆ. ವಾಸ್ತವದಲ್ಲಿ ಹಿಂಸೆಯ ಬಹುಭಾಗವು ನಡೆಯುವುದು ಮನುಷ್ಯನನ್ನು ಹಿಡಿದ ಕ್ಷಣಕ್ಕೂ ಅವನನ್ನು ಹಿಡಿದಿದ್ದೇವೆಂದು ಕಾಗದದ ಮೇಲೆ ಬರೆಯುವ ಕ್ಷಣಕ್ಕೂ ನಡುವೆ. ಆ ಅವಧಿಯಲ್ಲಿ ಅವನು ಮನೆಯಲ್ಲಿಯೂ ಇಲ್ಲ, ದಾಖಲೆಯಲ್ಲಿಯೂ ಇಲ್ಲ. ಬಂಧಿಸಿದವನನ್ನು 24 ಗಂಟೆಗಳೊಳಗೆ ದಂಡಾಧಿಕಾರಿಯ ಮುಂದೆ ಹಾಜರುಪಡಿಸತಕ್ಕದ್ದೆಂದು ಸಂವಿಧಾನದ 22ನೆಯ ವಿಧಿಯು ಆಜ್ಞಾಪಿಸುತ್ತದೆ. ಆದರೆ ಆ ಗಂಟೆಗಳ ಎಣಿಕೆಯು ಎಂದಿನಿಂದ ಮೊದಲಾಗುತ್ತದೆಂಬುದನ್ನು ಬರೆಯುವ ಲೇಖನಿಯು ಬಂಧಿಸಿದವನ ಕೈಯಲ್ಲಿಯೇ ಇದೆ. ‘ವಿಚಾರಣೆಗೆ ಕರೆದೆವು’ ಎಂಬ ಮಾತಿನ ಮರೆಯಲ್ಲಿ ಎಷ್ಟು ರಾತ್ರಿಗಳು ಕಳೆದುಹೋಗಿವೆಯೋ ಲೆಕ್ಕವಿಟ್ಟವರಿಲ್ಲ.

ಬೊಮ್ಮಸಂದ್ರ, ಜಿಗಣಿ, ಹೆಬ್ಬಗೋಡಿಗಳ ತಗಡಿನ ಶೆಡ್ಡುಗಳಲ್ಲಿ ವಾಸಿಸುವ ಒಡಿಶಾ, ಬಂಗಾಳ, ಅಸ್ಸಾಂ, ಬಿಹಾರಗಳ ಕೂಲಿಕಾರರನ್ನು ನೆನೆದಾಗ ಈ ಅವಧಿಯ ಭಯಂಕರತೆಯು ಇನ್ನಷ್ಟು ಸ್ಪಷ್ಟವಾದೀತು. ಕಟ್ಟಡದಲ್ಲಿ ತಾಮ್ರದ ತಂತಿ ಕಾಣೆಯಾಯಿತೆಂದು ಇಂಥವನೊಬ್ಬನನ್ನು ಸಂಶಯದ ಮೇಲೆ ಕರೆದೊಯ್ದರೆ ಠಾಣೆಗೆ ಬಂದು ಕೇಳುವ ಬಂಧುವಿಲ್ಲ, ವಕೀಲನ ಪರಿಚಯವಿಲ್ಲ, ಊರಿನ ಭಾಷೆಯಿಲ್ಲ. ಕೊನೆಗೆ ಅವನು ರಾತ್ರಿ ಹೊತ್ತು ದಂಡಾಧಿಕಾರಿಯ ಮನೆಯ ಜಗುಲಿಯಲ್ಲೋ ಮರುದಿನ ಕಿಕ್ಕಿರಿದ ನ್ಯಾಯಾಲಯದಲ್ಲೋ ನಿಂತಾಗ, ‘ಪೊಲೀಸರಿಂದ ಏನಾದರೂ ತೊಂದರೆ ಆಯಿತೇ?’ ಎಂಬ ವಿಧಿಯ ಪ್ರಶ್ನೆಯು ಬರುತ್ತದೆ. ಕೇಳುವವರು ಕನ್ನಡದಲ್ಲಿ ಕೇಳುತ್ತಾರೆ. ಅವನ ಬೆನ್ನಿನ ಹಿಂದೆ, ಒಂದು ಮೊಳದ ಅಂತರದಲ್ಲಿ, ಕರೆತಂದ ಪೇದೆಯು ನಿಂತಿರುತ್ತಾನೆ. ಅಲ್ಲಿಂದ ಮತ್ತೆ ಅದೇ ಪೇದೆಯೊಡನೆ ಅದೇ ವಾಹನದಲ್ಲಿ ಹಿಂದಿರುಗಬೇಕೆಂಬುದು ಅವನಿಗೆ ಗೊತ್ತಿರುತ್ತದೆ. ತಲೆಯಲ್ಲಾಡುತ್ತದೆ. ದೂರಿಲ್ಲವೆಂಬ ಒಂದು ಸಾಲು ಕಡತವನ್ನು ಸೇರುತ್ತದೆ. ಐ.ಟಿ. ಪಟ್ಟಿಯ ಮತ್ತೊಂದು ಅಂಚಿನ ವರ್ತೂರು ಠಾಣೆಯಲ್ಲಿ 2021ರಲ್ಲಿ ಹೊಡೆತಕ್ಕೆ ಸಿಕ್ಕಿದನೆನ್ನಲಾದ ಯುವಕನೊಬ್ಬನ ಕೈಯನ್ನು ಕತ್ತರಿಸಿ ತೆಗೆಯಬೇಕಾಗಿ ಬಂದು, ಪೊಲೀಸ್ ಸಿಬ್ಬಂದಿ ಅಮಾನತುಗೊಂಡದ್ದನ್ನು ವಾಚಕರು ಓದಿರಬಹುದು. ಗಾಯವು ಮರೆಮಾಚಲಾಗದಷ್ಟು ದೊಡ್ಡದಾದುದರಿಂದ ಅದು ಸುದ್ದಿಯಾಯಿತು.

ಇದು ನಿನ್ನೆ ಮೊನ್ನೆಯ ವ್ಯಾಧಿಯಲ್ಲ. ಮದರಾಸು ಆಧಿಪತ್ಯದಲ್ಲಿ ನಡೆಯುತ್ತಿದ್ದ ಹಿಂಸೆಯನ್ನು ವಿಚಾರಿಸಲು ನೇಮಿಸಲ್ಪಟ್ಟ ಆಯೋಗವು 1855ರಲ್ಲಿ ತನ್ನ ವರದಿಯನ್ನು ಸಲ್ಲಿಸಿತು. ಆಗ ಮಂಗಳೂರು, ಕಾಸರಗೋಡುಗಳನ್ನೊಳಗೊಂಡ ಕೆನರಾ ಜಿಲ್ಲೆಯೂ ಬಳ್ಳಾರಿಯೂ ಆ ಆಧಿಪತ್ಯಕ್ಕೆ ಸೇರಿದ್ದವಾದುದರಿಂದ ಆ ಇತಿಹಾಸವು ನಮ್ಮದೂ ಹೌದು. ಬೆರಳುಗಳನ್ನು ಮರದ ಪಟ್ಟಿಗಳ ನಡುವೆ ಇಟ್ಟು ಅದುಮುವ ಕಿಟ್ಟಿಯನ್ನೂ, ದೇಹವನ್ನು ಬಾಗಿಸಿ ಕಟ್ಟಿ ಬಿಸಿಲಿನಲ್ಲಿ ನಿಲ್ಲಿಸುವ ಕ್ರಮವನ್ನೂ ಅದು ವರ್ಣಿಸಿದೆ. ತಪ್ಪೊಪ್ಪಿಗೆಗಾಗಿ ಪೊಲೀಸರೂ, ಕಂದಾಯದ ಬಾಕಿಗಾಗಿ ರೆವಿನ್ಯೂ ನೌಕರರೂ ಇವನ್ನು ಪ್ರಯೋಗಿಸುತ್ತಿದ್ದರೆಂದು ಹೇಳಿದೆ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸಕೂಡದೆಂಬ ನಿಯಮವು 1861ರ ಕಾಯಿದೆಯಲ್ಲಿ ಸೇರಿ, 1872ರ ಸಾಕ್ಷ್ಯ ಅಧಿನಿಯಮದಲ್ಲಿ ನೆಲೆಗೊಂಡು, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದವರೆಗೂ ಉಳಿದು ಬಂದಿದೆ. ಹೊಡೆದು ಹೇಳಿಸಿದ ಮಾತಿಗೆ ಬೆಲೆಯಿಲ್ಲವೆಂದ ಮೇಲೆ ಹೊಡೆಯುವ ಪ್ರಯೋಜನವೇ ಇಲ್ಲವಾಗಬೇಕೆಂಬ ಈ ಯೋಚನೆಯು ವಿವೇಕಯುತವಾದದ್ದೇ ಸರಿ. ಆದರೆ ತಪ್ಪೊಪ್ಪಿಗೆಗೆ ಬೆಲೆಯಿಲ್ಲದಿದ್ದರೂ, ಆ ಹೇಳಿಕೆಯಿಂದ ಪತ್ತೆಯಾದ ವಸ್ತುವಿಗೆ ಬೆಲೆಯುಂಟು. ಆ ಸಂದಿನಲ್ಲಿಯೇ ‘ಬಾಯಿ ಬಿಡಿಸುವ’ ವಿದ್ಯೆಯು ಬದುಕಿಕೊಂಡಿತು. ‘ಏರೋಪ್ಲೇನ್ ಹತ್ತಿಸುವುದು’ ಎಂದು ಕನ್ನಡ ಸಿನಿಮಾದಲ್ಲಿ ಪೊಲೀಸನು ಹೇಳಿದಾಗ ಪ್ರೇಕ್ಷಕರಿಗೆ ಅರ್ಥವನ್ನು ವಿವರಿಸಬೇಕಾಗಿಲ್ಲದಿರುವುದು ನಮ್ಮ ಸಮಾಜಕ್ಕೆ ಶೋಭೆಯಲ್ಲ.

ತುರ್ತುಪರಿಸ್ಥಿತಿಯ ಎರಡು ಪ್ರಕರಣಗಳನ್ನು ಕನ್ನಡಿಗರು ಮರೆಯಬಾರದು. ಭೂಗತರಾಗಿದ್ದ ಜಾರ್ಜ್ ಫರ್ನಾಂಡಿಸರು ಎಲ್ಲಿರುವರೆಂದು ತಿಳಿಯುವುದಕ್ಕಾಗಿ ಪೊಲೀಸರು 1976ರ ಮೇ 1ರಂದು ಬೆಂಗಳೂರಿನಲ್ಲಿ ಅವರ ತಮ್ಮ ಲಾರೆನ್ಸ್ ಫರ್ನಾಂಡಿಸರನ್ನು ಹಿಡಿದೊಯ್ದರು. ಯಾವ ದಂಡಾಧಿಕಾರಿಯ ಮುಂದೆಯೂ ನಿಲ್ಲಿಸದೆ ಹಲವು ದಿನಗಳು ಕಳೆದವು. ಆ ದಿನಗಳಲ್ಲಿ ಬಿದ್ದ ಹೊಡೆತಗಳಿಂದ ಜರ್ಜರಿತರಾದ ಅವರು ಬಹುಕಾಲ ನೆಟ್ಟಗೆ ನಡೆಯಲಾರದವರಾದರು. ತಾಯಿ ಆಲಿಸ್ ಫರ್ನಾಂಡಿಸರು ಮಗನ ಸ್ಥಿತಿಯನ್ನು ವಿವರಿಸಿ ರಾಷ್ಟ್ರಪತಿಗಳಿಗೆ ಪತ್ರ ಬರೆದರು. ಲಾರೆನ್ಸರ ಮೇಲೆ ಅಪರಾಧದ ಶಂಕೆಗಿಂತ ರಕ್ತಸಂಬಂಧವೇ ಹೆಚ್ಚು ಭಾರವಾಗಿ ಬಿದ್ದಿತೆಂಬುದನ್ನು ಗಮನಿಸಬೇಕು.

‘ಸಂಸ್ಕಾರ’ ಚಿತ್ರದಲ್ಲಿ ಚಂದ್ರಿಯ ಪಾತ್ರವನ್ನು ನಿರ್ವಹಿಸಿದ ಸ್ನೇಹಲತಾ ರೆಡ್ಡಿಯವರನ್ನು, ಲಾರೆನ್ಸರನ್ನು ಹಿಡಿದ ಮರುದಿನವೇ, ಬಂಧಿಸಿ ಶೇಷಾದ್ರಿ ರಸ್ತೆಯ ಸೆಂಟ್ರಲ್ ಜೈಲಿನಲ್ಲಿ ಇಟ್ಟರು. ಅವರಿಗೆ ಬಹುಕಾಲದಿಂದ ಆಸ್ತಮಾ ಇದ್ದಿತು. ಜಾರ್ಜ್ ಫರ್ನಾಂಡಿಸರ ಮೇಲೆ ಹೂಡಿದ ಬರೋಡಾ ಡೈನಮೈಟ್ ಮೊಕದ್ದಮೆಯ ಅಂತಿಮ ದೋಷಾರೋಪಣಪತ್ರದಲ್ಲಿ ಹೆಸರು ಸೇರದಿದ್ದರೂ ಬಿಡುಗಡೆಯಾಗಲಿಲ್ಲ. ವಾಜಪೇಯಿ, ಅಡ್ವಾಣಿಯವರೊಡನೆ ಅದೇ ಜೈಲಿನಲ್ಲಿದ್ದ ಮಧು ದಂಡವತೆಯವರು, ರಾತ್ರಿಯ ನೀರವದಲ್ಲಿ ಆ ಹೆಣ್ಣುಮಗಳ ಕೂಗು ತಮ್ಮ ಕೋಣೆಗೆ ಕೇಳುತ್ತಿದ್ದುದನ್ನು ಮುಂದೆ ಬರೆದಿಟ್ಟರು. ಇಲ್ಲಿ ಲಾಠಿಯ ಪ್ರಸಕ್ತಿಯೇ ಇಲ್ಲ. ಉಸಿರಾಡಲಾರದವಳಿಗೆ ಗಾಳಿಯಿಲ್ಲದ ಕೋಣೆ, ಕೇಳಿದಾಗ ಬಾರದ ವೈದ್ಯ, ಅಷ್ಟೇ ಸಾಕಾಯಿತು. ಆ ಸ್ಥಿತಿಯಲ್ಲಿಯೂ ಅವರು ಬಡ ಹೆಣ್ಣು ಕೈದಿಗಳ ಪರವಾಗಿ ಅಧಿಕಾರಿಗಳೊಡನೆ ವಾದಿಸಿದರು, ಅವರಿಗೆ ಹಾಡು ಹೇಳಿಕೊಟ್ಟರು. 1977ರ ಜನವರಿ 15ರಂದು ಪೆರೋಲಿನ ಮೇಲೆ ಹೊರಬಂದರು, 20ರಂದು ತೀರಿಕೊಂಡರು. ಯಾರ ಕೈಯೂ ಎತ್ತಲ್ಪಡದೆ ಮನುಷ್ಯನನ್ನು ಕೊಲ್ಲಬಹುದೆಂಬುದಕ್ಕೆ ಕರ್ನಾಟಕದಲ್ಲಿ ಇದಕ್ಕಿಂತ ಬಲವಾದ ನಿದರ್ಶನವನ್ನು ನಾನು ಕಾಣೆ.

ಇವರಿಬ್ಬರೂ ಹೆಸರುಳ್ಳವರು. ಹೆಸರಿಲ್ಲದವರ ಕಥೆಯು ಮಲೆ ಮಹದೇಶ್ವರ ಬೆಟ್ಟದಲ್ಲಿ ನಡೆಯಿತು. ಕಾಡುಗಳ್ಳ ವೀರಪ್ಪನ್‌ನನ್ನು ಹಿಡಿಯಲೆಂದು ಕರ್ನಾಟಕ ಮತ್ತು ತಮಿಳುನಾಡಿನ ಜಂಟಿ ಕಾರ್ಯಪಡೆಯು ಬೀಡುಬಿಟ್ಟಿದ್ದ ಆ ಪ್ರದೇಶದಲ್ಲಿ, ಸೋಲಿಗರನ್ನೂ ಕಾಡಂಚಿನ ಹಳ್ಳಿಗರನ್ನೂ ಕರೆತಂದು ಹಿಂಸಿಸುತ್ತಿದ್ದ ಸ್ಥಳವನ್ನು ಜನರು ‘ವರ್ಕ್‌ಶಾಪ್’ ಎಂದು ಕರೆಯುತ್ತಿದ್ದರು. ವಿದ್ಯುತ್ ಆಘಾತವನ್ನು ಕೊಡುತ್ತಿದ್ದರೆಂದು ಅಲ್ಲಿಂದ ಬದುಕಿ ಬಂದ ಗಂಡಸರೂ ಹೆಂಗಸರೂ ಮುಂದೆ ಸಾಕ್ಷ್ಯ ನುಡಿದರು. ಭಯೋತ್ಪಾದನೆಯ ನಿಗ್ರಹಕ್ಕೆಂದು ಆಗ ಜಾರಿಯಲ್ಲಿದ್ದ ಟಾಡಾ ಕಾಯಿದೆಯು ಹಿರಿಯ ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಗೆ ಸಾಕ್ಷ್ಯದ ಯೋಗ್ಯತೆಯನ್ನು ಕೊಟ್ಟಿದ್ದಿತೆಂಬುದನ್ನು ಇಲ್ಲಿ ನೆನೆಯಬೇಕು. ಶತಮಾನಕ್ಕೂ ಹಿಂದೆ ಮುಚ್ಚಿದ ಬಾಗಿಲನ್ನು ಸ್ವತಂತ್ರ ಭಾರತದ ಸಂಸತ್ತೇ ತೆರೆದಂತಾಯಿತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ನ್ಯಾಯಮೂರ್ತಿ ಎ.ಜೆ. ಸದಾಶಿವ ಮತ್ತು ಸಿ.ವಿ. ನರಸಿಂಹನ್ ಅವರ ಸಮಿತಿಯನ್ನು 1999ರಲ್ಲಿ ನೇಮಿಸಿತು. ಸಮಿತಿಯ ವರದಿ 2003ರ ಕೊನೆಗೆ ಬಂದಿತು. 89 ಮಂದಿಗೆ 2.80 ಕೋಟಿ ರೂಪಾಯಿ ಪರಿಹಾರವನ್ನು ಕೊಡಬೇಕೆಂಬ ಶಿಫಾರಸು 2007ರ ಜನವರಿಯಲ್ಲಿ ಹೊರಟಿತು. ತೊಂಬತ್ತರ ದಶಕದ ಆದಿಯಲ್ಲಿ ಎತ್ತಿಕೊಂಡು ಹೋದವರಿಗೆ 2007ರಲ್ಲಿ ಹಣ! ಬೆಟ್ಟದ ಆ ಶಿಬಿರಕ್ಕೆ ಒಬ್ಬ ಜಿಲ್ಲಾ ನ್ಯಾಯಾಧೀಶನೋ ಒಬ್ಬ ವೈದ್ಯನೋ ಮುನ್ಸೂಚನೆಯಿಲ್ಲದೆ ಒಂದು ಸಂಜೆ ಹತ್ತಿ ಹೋಗುವ ಅಧಿಕಾರವೂ ಕರ್ತವ್ಯವೂ ಇದ್ದಿದ್ದರೆ, ಆ ಪರಿಹಾರದ ಪಟ್ಟಿ ಅಷ್ಟು ಉದ್ದ ಬೆಳೆಯುತ್ತಿರಲಿಲ್ಲ.

ಹೀಗೆ ಹೇಳದೆ ಕೇಳದೆ ಹೋಗಿ ನೋಡುವ ಹಕ್ಕಿನ ಸುತ್ತಲೇ ಜಗತ್ತಿನ ಅತ್ಯುತ್ತಮವಾದ ಪ್ರಯತ್ನವೊಂದು ಬೆಳೆದಿದೆ. ಜಿನೀವಾ ನಗರದ ಜಾನ್ ಜಾಕ್ ಗೋತಿಯೇ ಎಂಬ ವಕೀಲರು, ಅಂತರರಾಷ್ಟ್ರೀಯ ರೆಡ್‌ಕ್ರಾಸಿನವರು ಯುದ್ಧಕೈದಿಗಳನ್ನು ಭೇಟಿಯಾಗುವ ಪದ್ಧತಿಯನ್ನು ಕಂಡು, ಶಾಂತಿಕಾಲದ ಠಾಣೆ ಸೆರೆಮನೆಗಳಿಗೂ ಹೊರಗಿನವರ ಭೇಟಿ ಏಕಿರಬಾರದೆಂದು ಯೋಚಿಸಿ 1977ರಲ್ಲಿ ಒಂದು ಸಂಸ್ಥೆಯನ್ನು ಕಟ್ಟಿದರು. ಅವರ ಕಲ್ಪನೆಯು ಮೊದಲು ಐರೋಪ್ಯ ರಾಷ್ಟ್ರಗಳ ಒಪ್ಪಂದವಾಯಿತು. 2002ರಲ್ಲಿ ವಿಶ್ವಸಂಸ್ಥೆಯ ಹಿಂಸಾವಿರೋಧಿ ಒಪ್ಪಂದಕ್ಕೆ ಐಚ್ಛಿಕ ಉಪಸಂಧಿಯಾಗಿ ಅಂಗೀಕೃತವಾಯಿತು. ಅದಕ್ಕೆ ಸೇರಿದ ತೊಂಬತ್ತಕ್ಕೂ ಹೆಚ್ಚು ದೇಶಗಳು ಯಾವ ಠಾಣೆಗಾದರೂ ಯಾವ ಹೊತ್ತಿನಲ್ಲಾದರೂ ಹೋಗಿ ಕೈದಿಯೊಡನೆ ಏಕಾಂತದಲ್ಲಿ ಮಾತನಾಡಬಲ್ಲ ಸ್ವತಂತ್ರ ಮಂಡಲಿಯೊಂದನ್ನು ಇಟ್ಟುಕೊಳ್ಳಬೇಕು. ಇವೆಲ್ಲವೂ ನಿಜವಾಗಿ ಫಲಿಸುತ್ತವೆಯೇ ಎಂದು ರಿಚರ್ಡ್ ಕಾರ್ವರ್ ಮತ್ತು ಲೀಸಾ ಹ್ಯಾಂಡ್ಲಿ ಎಂಬ ವಿದ್ವಾಂಸರು 16 ದೇಶಗಳ 30 ವರ್ಷಗಳ ಅನುಭವವನ್ನು ಪರಿಶೀಲಿಸಿ 2016ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಎಲ್ಲಕ್ಕಿಂತ ಹೆಚ್ಚು ಪರಿಣಾಮಕಾರಿಯೆಂದು ಅವರು ಕಂಡದ್ದು ಬಂಧನದ ಮೊದಲ ಗಂಟೆಗಳ ಆಚರಣೆಗಳನ್ನು: ಮನೆಯವರಿಗೆ ಒಡನೆ ಸುದ್ದಿ, ವಕೀಲನ ಸಾಮೀಪ್ಯ, ಪೊಲೀಸರ ಹಂಗಿಲ್ಲದ ವೈದ್ಯನ ಪರೀಕ್ಷೆ. ಕಾನೂನಿನಲ್ಲಿ ಬರೆದಿರುವುದಕ್ಕೂ ನಿಜವಾಗಿ ನಡೆಯುವುದಕ್ಕೂ ಅಂತರ ಹೆಚ್ಚಿದಲ್ಲೆಲ್ಲ ಹಿಂಸೆಯೂ ಉಳಿದುಕೊಂಡಿದ್ದಿತು. ಪರಪ್ಪನ ಅಗ್ರಹಾರದ ಸಾಲಿನಲ್ಲಿ ನಿಂತ ಹೆಂಗಸಿನ ಉತ್ತರವು ಇದಕ್ಕಿಂತ ಬೇರೆಯಲ್ಲ.

ನಮ್ಮಲ್ಲಿ ಬರೆದಿಟ್ಟದ್ದಕ್ಕೆ ಕೊರತೆಯಿಲ್ಲ. ಡಿ.ಕೆ. ಬಸು ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1996ರ ಡಿಸೆಂಬರಿನಲ್ಲಿ 11 ನಿರ್ದೇಶಗಳನ್ನು ಕೊಟ್ಟಿತು: ಬಂಧಿಸುವವನ ಎದೆಯ ಮೇಲೆ ಹೆಸರಿನ ಪಟ್ಟಿ ಕಾಣುತ್ತಿರಬೇಕು, ಬಂಧನದ ಪಂಚನಾಮೆಯಲ್ಲಿ ಹೊತ್ತು ದಿನಾಂಕಗಳಿರಬೇಕು, ಬಂಧುವಿಗೆ ತಿಳಿಸಬೇಕು, ವೈದ್ಯಪರೀಕ್ಷೆಯಾಗಬೇಕು. ಇವುಗಳಲ್ಲಿ ಹೆಚ್ಚಿನವು ಈಗ ನಾಗರಿಕ ಸುರಕ್ಷಾ ಸಂಹಿತೆಯಲ್ಲಿಯೇ ಸೇರಿವೆ. 2020ರ ಡಿಸೆಂಬರಿನಲ್ಲಿ ಅದೇ ನ್ಯಾಯಾಲಯವು ಪ್ರತಿ ಠಾಣೆಯ ದ್ವಾರ, ಲಾಕಪ್ಪು, ಪಡಸಾಲೆಗಳಲ್ಲಿ ರಾತ್ರಿಯೂ ಕಾಣುವ, ಧ್ವನಿಯನ್ನೂ ಹಿಡಿಯುವ ಸಿ.ಸಿ.ಟಿ.ವಿ. ಇರಬೇಕೆಂದೂ, ಚಿತ್ರಣವನ್ನು 18 ತಿಂಗಳು, ಆಗದಿದ್ದರೆ ಕನಿಷ್ಠ ಒಂದು ವರ್ಷ ಉಳಿಸಬೇಕೆಂದೂ ಆಜ್ಞಾಪಿಸಿತು. ಕಾನೂನು ವಿದ್ಯಾರ್ಥಿಯೊಬ್ಬನಿಗೆ ಅಕಾರಣವಾಗಿ ಬೇಡಿ ತೊಡಿಸಿ ನಡೆಸಿದ್ದಕ್ಕೆ ನಮ್ಮ ಉಚ್ಚ ನ್ಯಾಯಾಲಯದ ಧಾರವಾಡ ಪೀಠವು 2022ರ ಜೂನಿನಲ್ಲಿ ಎರಡು ಲಕ್ಷ ರೂಪಾಯಿ ಪರಿಹಾರವನ್ನು ವಿಧಿಸಿ, ಬಂಧಿಸುವ ಅಧಿಕಾರಿಗಳಿಗೆ ಮೈಮೇಲೆ ತೊಡುವ ಕ್ಯಾಮರಾಗಳನ್ನು ಒದಗಿಸಬೇಕೆಂದಿತು. ಇಂಥ ಯಂತ್ರಗಳನ್ನೂ ತಂತ್ರಾಂಶಗಳನ್ನೂ ಜಗತ್ತಿಗೆ ಮಾರುವ ಊರು ನಮ್ಮದು. ಸಲಕರಣೆಯ ಅಭಾವವನ್ನು ನಾವು ಹೇಳುವಂತಿಲ್ಲ. ಕ್ಯಾಮರಾ ನೋಡಿದ್ದನ್ನು ನೋಡತಕ್ಕವರು ಯಾರು ಎಂಬುದೇ ಪ್ರಶ್ನೆ. ಆ ಚಿತ್ರಣದ ಬೀಗದ ಕೈ ಠಾಣಾಧಿಕಾರಿಯ ಮೇಜಿನಲ್ಲಿಯೇ ಇದ್ದರೆ, ಬೇಕಾದ ರಾತ್ರಿಯಂದೇ ಯಂತ್ರವು ಕೆಟ್ಟಿತ್ತೆಂಬ ವರದಿಯು ಬರುವುದರಲ್ಲಿ ಆಶ್ಚರ್ಯವೇನು?

ಸೆರೆಮನೆಯ ಒಳಗಿನ ಮಾತಿಗೆ ಬರೋಣ. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನರು. ನೂರು ಜನರಿಗೆಂದು ಕಟ್ಟಿದ ಜಾಗದಲ್ಲಿ ನೂರಾ ಮೂವತ್ತೊಂದು ಮಂದಿ. ನಾಲ್ವರಲ್ಲಿ ಮೂವರು ನಿರಪರಾಧಿಗಳೆಂದೇ ಕಾನೂನು ಭಾವಿಸತಕ್ಕವರು. ಅಪರಾಧಿಯೆಂದು ತೀರ್ಪಾದವನಿಗೂ ನ್ಯಾಯಾಲಯ ವಿಧಿಸಿರುವ ದಂಡನೆಯು ಸ್ವಾತಂತ್ರ್ಯದ ಅಪಹರಣ. ಅದರ ಮೇಲೆ ಹಸಿವನ್ನೋ ಹೊಡೆತವನ್ನೋ ಅವಮಾನವನ್ನೋ ಸೇರಿಸುವ ಅಧಿಕಾರವನ್ನು ಯಾವ ನ್ಯಾಯಾಧೀಶನೂ ಯಾವ ಜೈಲರನಿಗೂ ಕೊಟ್ಟಿಲ್ಲ. 2015ರ ಡಿಸೆಂಬರ್ 17ರಂದು ವಿಶ್ವಸಂಸ್ಥೆಯು ಅಂಗೀಕರಿಸಿದ ನೆಲ್ಸನ್ ಮಂಡೇಲಾ ನಿಯಮಾವಳಿಯ 122 ನಿಯಮಗಳ ಆಂತರ್ಯವಿದು. ದಿನಕ್ಕೆ 22 ಗಂಟೆ ಅಥವಾ ಹೆಚ್ಚು ಹೊತ್ತು ಮನುಷ್ಯಸಂಪರ್ಕವಿಲ್ಲದೆ ಇರಿಸುವುದು ಏಕಾಂತವಾಸ. ಅದು ಎಡೆಬಿಡದೆ 15 ದಿನಗಳನ್ನು ದಾಟಕೂಡದು ಎಂದು ಅವು ಗೆರೆ ಎಳೆಯುತ್ತವೆ.

ಆ ಹದಿನೈದು ದಿನಗಳ ಪಕ್ಕದಲ್ಲಿ ಬೆಳಗಾವಿಯ ಹಿಂಡಲಗಾ ಜೈಲಿನ ಹತ್ತು ವರ್ಷಗಳನ್ನು ಇಟ್ಟು ನೋಡಬೇಕು. ಅತ್ಯಾಚಾರ, ಕೊಲೆಗಳಿಗಾಗಿ 2006ರಲ್ಲಿ ಮರಣದಂಡನೆಗೆ ಗುರಿಯಾದ ಉಮೇಶ್ ರೆಡ್ಡಿಯನ್ನು ಅಲ್ಲಿ 2016ರವರೆಗೆ ಏಕಾಂತದಲ್ಲಿ ಇರಿಸಿದ್ದರು. ಕ್ಷಮಾಯಾಚನೆಯ ಕಟ್ಟಕಡೆಯ ಹಂತ ಮುಗಿಯುವವರೆಗೂ ಮರಣದಂಡಿತನನ್ನು ಹೀಗೆ ಪ್ರತ್ಯೇಕಿಸಕೂಡದೆಂದು ಸುನಿಲ್ ಬಾತ್ರಾ ಪ್ರಕರಣದಲ್ಲಿ 1978ರಲ್ಲಿಯೇ ತೀರ್ಮಾನವಾಗಿದ್ದಿತು. 2022ರ ನವೆಂಬರ್ 4ರಂದು ಸರ್ವೋಚ್ಚ ನ್ಯಾಯಾಲಯವು, ಈ ಅಕ್ರಮವಾದ ಏಕಾಂತವು ಅವನ ಮೇಲೆ ಮಾಡಿದ ಪರಿಣಾಮವನ್ನು ಪರಿಗಣಿಸಿ, ಮರಣದಂಡನೆಯನ್ನು ಕನಿಷ್ಠ 30 ವರ್ಷಗಳ ಸೆರೆವಾಸಕ್ಕೆ ಇಳಿಸಿತು. ಅವನ ಕೃತ್ಯಗಳನ್ನು ಬಲ್ಲವರು ಈ ತೀರ್ಪಿನಿಂದ ಕುದಿದರೆ ನಾನು ಅವರನ್ನು ದೂಷಿಸಲಾರೆ. ಅವನಿಗೆ ಬಲಿಯಾದ ಹೆಂಗಸರ ನೋವು ನನಗೆ ಸಣ್ಣದಲ್ಲ. ಆದರೆ ಶಿಕ್ಷೆಯನ್ನು ಕಾನೂನಿನ ಪ್ರಕಾರ ನಡೆಸಿದ್ದರೆ ನ್ಯಾಯಾಲಯಕ್ಕೆ ಈ ಕಾರಣವೇ ದೊರೆಯುತ್ತಿರಲಿಲ್ಲ. ಅತ್ಯಂತ ಹೇಯನಾದ ಅಪರಾಧಿಯ ವಿಷಯದಲ್ಲಿ ನಿಯಮವನ್ನು ಬಿಟ್ಟುಕೊಟ್ಟವರು, ನಾಳೆ ತಂತಿ ಕದ್ದನೆಂಬ ಕೂಲಿಯವನ ವಿಷಯದಲ್ಲಿ ಅದನ್ನು ಕಾಪಾಡುವರೆಂದು ನಂಬುವುದು ಹೇಗೆ?

ಪರಪ್ಪನ ಅಗ್ರಹಾರವು ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುವುದು ಬೇರೆಯೇ ಕಾರಣಕ್ಕೆ. 2017ರ ಜುಲೈನಲ್ಲಿ ಅಂದಿನ ಕಾರಾಗೃಹ ಡಿ.ಐ.ಜಿ. ಡಿ. ರೂಪಾ ಅವರ ವರದಿಯು ಒಬ್ಬ ರಾಜಕಾರಣಿಗೆ ವಿಶೇಷ ಸೌಕರ್ಯಗಳು ದೊರೆಯುತ್ತಿವೆಯೆಂದಿತು. 2024ರ ಆಗಸ್ಟಿನಲ್ಲಿ ಪ್ರಸಿದ್ಧ ಚಿತ್ರನಟರೊಬ್ಬರು ಜೈಲಿನ ಹುಲ್ಲುಹಾಸಿನ ಮೇಲೆ ಕುರ್ಚಿ ಹಾಕಿ ಕುಳಿತ ಚಿತ್ರವು ಹೊರಬಂದಿತು. ಇದನ್ನೆಲ್ಲ ಕಂಡ ಸಜ್ಜನರು, ಜೈಲೆಂದರೆ ರೆಸಾರ್ಟು, ಅಲ್ಲಿನವರಿಗೆ ಮಾನವೀಯತೆಯ ಮಾತೇಕೆ ಎನ್ನುತ್ತಾರೆ. ನನಗೆ ತೋರುವಂತೆ ಈ ಸೌಕರ್ಯವೂ ಆ ಹಿಂಸೆಯೂ ಒಂದೇ ಕೆಡುಕಿನ ಎರಡು ಮುಖಗಳು. ಸಿಗರೇಟು, ಮೊಬೈಲುಗಳನ್ನು ದುಡ್ಡಿಗೆ ಕೊಳ್ಳಬಹುದಾದ ಕಡೆ, ಮಲಗಲು ಜಾಗ, ಆಸ್ಪತ್ರೆಗೆ ಚೀಟಿ, ನ್ಯಾಯಾಲಯಕ್ಕೆ ಹೋಗುವ ದಿನ ಬೆಂಗಾವಲು ಇವುಗಳಿಗೂ ಬೆಲೆ ಕಟ್ಟಲ್ಪಡುತ್ತದೆ. ಕೊಡಲಾರದವನು ಗೋಡೆಯ ಬದಿಗೆ ಸರಿಯುತ್ತಾನೆ. ಅದೇ ನಟರು ಮುಂದೆ ಹಾಸಿಗೆ ದಿಂಬುಗಳಿಗಾಗಿ ನ್ಯಾಯಾಲಯದ ಮೊರೆಹೊಕ್ಕಾಗ ನಕ್ಕವರು ಬಹಳ. ನಿಯಮಪುಸ್ತಕದಲ್ಲಿ ಇರುವುದು ಅವರಿಗೂ ಸಲ್ಲಬೇಕು, ಹಾಗೆ ಕೇಳಲು ವಕೀಲನಿಲ್ಲದ ಸಾವಿರಾರು ಮಂದಿಗೂ ಸಲ್ಲಬೇಕು.

ಭಾರತವು ವಿಶ್ವಸಂಸ್ಥೆಯ ಹಿಂಸಾವಿರೋಧಿ ಒಪ್ಪಂದಕ್ಕೆ 1997ರ ಅಕ್ಟೋಬರಿನಲ್ಲಿ ಸಹಿ ಹಾಕಿತು. ಅನುಮೋದನೆಯನ್ನು ಇಂದಿಗೂ ಕೊಟ್ಟಿಲ್ಲ. ಹಿಂಸಾನಿಷೇಧದ ಮಸೂದೆಯು 2010ರಲ್ಲಿ ಲೋಕಸಭೆಯನ್ನು ದಾಟಿ, ರಾಜ್ಯಸಭೆಯ ಆಯ್ಕೆ ಸಮಿತಿಗೆ ಹೋಗಿ, ಕಾಲಗರ್ಭದಲ್ಲಿ ಅಡಗಿತು. ಕಾನೂನು ಆಯೋಗವು 2017ರಲ್ಲಿ ತನ್ನ 273ನೆಯ ವರದಿಯೊಡನೆ ಹೊಸ ಕರಡನ್ನೇ ಕೊಟ್ಟಿತು. ದೆಹಲಿಯ ಈ ವಿಳಂಬವನ್ನು ತೋರಿಸಿ ಬೆಂಗಳೂರು ಸುಮ್ಮನಿರುವುದು ಸರಿಯಲ್ಲ. ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಪೊಲೀಸೂ ಕಾರಾಗೃಹವೂ ರಾಜ್ಯಪಟ್ಟಿಗೆ ಸೇರಿದ ವಿಷಯಗಳು. ಜೈಲುಗಳಿಗೆ ಸಂದರ್ಶಕರ ಮಂಡಲಿಯೆಂಬುದು ನಮ್ಮ ನಿಯಮಗಳಲ್ಲಿ ಮೊದಲಿನಿಂದಲೂ ಇದೆ. ಅದನ್ನು ಲಾಕಪ್ಪುಗಳಿಗೂ ವಿಸ್ತರಿಸಿ, ಒಬ್ಬ ವೈದ್ಯನೂ ಒಬ್ಬ ಮಹಿಳೆಯೂ ಕೈದಿಯ ಭಾಷೆ ಬಲ್ಲ ಒಬ್ಬರೂ ಅದರಲ್ಲಿ ಇರಲೇಬೇಕೆಂದು ಗೊತ್ತುಮಾಡಿ, ಹೇಳದೆ ಹೋಗುವ ಹಕ್ಕನ್ನೂ ಠಾಣೆಯ ಕ್ಯಾಮರಾ ಚಿತ್ರಣವನ್ನು ನೇರವಾಗಿ ಪಡೆಯುವ ಅಧಿಕಾರವನ್ನೂ ಅದಕ್ಕೆ ಕೊಟ್ಟು, ಅದರ ವರದಿಯನ್ನು ವರ್ಷಕ್ಕೊಮ್ಮೆ ಸದನದ ಮುಂದೆ ಇಡುವಂತೆ ವಿಧಾನಮಂಡಲವು ಒಂದೇ ಅಧಿವೇಶನದಲ್ಲಿ ಕಾಯಿದೆ ಮಾಡಬಲ್ಲುದು. ಅಷ್ಟರವರೆಗೆ, ರಿಮ್ಯಾಂಡಿಗೆ ಬಂದವನನ್ನು ಪ್ರಶ್ನಿಸುವ ಮುನ್ನ ಪೇದೆಯನ್ನು ಹೊರಗೆ ಕಳುಹಿಸಿ, ಅಂಗಿಯನ್ನು ಮೇಲೆತ್ತಿಸಿ ಬೆನ್ನನ್ನೂ ಪಾದಗಳನ್ನೂ ನೋಡಿ, ಅವನ ಭಾಷೆಯಲ್ಲಿಯೇ ಕೇಳಿಸುವುದಕ್ಕೆ ಯಾವ ದಂಡಾಧಿಕಾರಿಗೂ ಹೊಸ ಕಾಯಿದೆಯ ಅವಶ್ಯಕತೆಯಿಲ್ಲ.